ಬಂಡಿದಾರಿ ಇಲ್ಲದ ದೇಶ: ಸಿಂಧನೂರು ಕಡೆಯಿಂದ ವ್ಯಾಟಿಕನ್‌ಗೆ ಹೊರಡುವವರಿಗೆ

ಮುದಗಲ್ಲಿನ ಪರಿಚಯದವರೊಬ್ಬರು ಒಂದು ಸಂಜೆ ಫೋನ್ ಹಿಡಿದುಕೊಂಡೇ ಮನೆಗೆ ಬಂದರು. ಪರದೆಯಲ್ಲಿ ಹುಡುಗನೊಬ್ಬ ಗಟ್ಟಿ ದನಿಯಲ್ಲಿ ಹೇಳುತ್ತಿದ್ದ, ವ್ಯಾಟಿಕನ್ ದೇಶಕ್ಕೆ ವೀಸಾನೇ ಇಲ್ಲ ಅಂತ. "ಅಲ್ರೀ, ವೀಸಾ ಇಲ್ಲ ಅಂದಮ್ಯಾಲೆ ಪಾಸ್‌ಪೋರ್ಟ್ ಒಂದಿದ್ರ ಆತಲ್ಲ? ಅವ್ವನ್ನ ಕರಕೊಂಡು ಹೋಗಿ ಬಂದುಬಿಡ್ತೀನಿ" ಎಂದರು. ಗೋವಾ ಕಡೆಯಿಂದ ಬಂದ ಪಾದ್ರಿಗಳ ಕಾಲದಿಂದ ಮುದಗಲ್ಲಿನಲ್ಲಿ ಕ್ಯಾಥೋಲಿಕ್ ಮನೆತನಗಳಿವೆ. ಆ ಮನೆಗಳ ಹಿರಿಯರಿಗೆ ಒಮ್ಮೆ ರೋಮ್ ನೋಡಬೇಕೆಂಬ ಆಸೆ ಹೊಸದಲ್ಲ. ಹೊಸದೆಂದರೆ, ಭತ್ತದ ದುಡ್ಡೋ ಮಕ್ಕಳ ದುಡ್ಡೋ ಕೈಗೆ ಬಂದು, ಆಸೆಯನ್ನು ಟಿಕೆಟ್ ದರದ ಲೆಕ್ಕದಲ್ಲಿ ಮಾತಾಡುವ ಹಂತಕ್ಕೆ ಬಂದಿರುವುದು.

ವಿಡಿಯೊದ ಹುಡುಗ ಸುಳ್ಳು ಹೇಳಿರಲಿಲ್ಲ. ಪ್ರವಾಸಿಗರಿಗೆ ವ್ಯಾಟಿಕನ್ ವೀಸಾ ಕೊಡುವುದಿಲ್ಲ, ಬಾಗಿಲಲ್ಲಿ ಪಾಸ್‌ಪೋರ್ಟ್ ಕೇಳುವುದೂ ಇಲ್ಲ. ಅರ್ಧ ಮಾತು ಮಾತ್ರ ಹೇಳಿದ್ದ. ಉಳಿದ ಅರ್ಧಕ್ಕಾಗಿ ಈ ಲೇಖನ.

ವೀಸಾ ಯಾಕೆ ಬೇಕಾಗುತ್ತದೆ

ನಮ್ಮ ಕಡೆಯ ರೈತರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ನಾಲ್ಕೂ ಕಡೆ ಬೇರೆಯವರ ಹೊಲ, ನಡುವೆ ನಿಮ್ಮದೊಂದು ತುಂಡು, ಅದಕ್ಕೆ ಬಂಡಿದಾರಿ ಇಲ್ಲ ಎಂದುಕೊಳ್ಳಿ. ಹೊಲ ನಿಮ್ಮದೇ, ಪಹಣಿ ನಿಮ್ಮ ಹೆಸರಲ್ಲೇ ಇದೆ. ಆದರೆ ಪಕ್ಕದವನು ಬದುವಿನ ಮೇಲೆ ಕಾಲಿಡಲು ಬಿಟ್ಟರೆ ಮಾತ್ರ ನೀವು ಅಲ್ಲಿಗೆ ಮುಟ್ಟುತ್ತೀರಿ. ವ್ಯಾಟಿಕನ್ ಅಂಥ ಹೊಲ. ವಿಸ್ತೀರ್ಣ ಸುಮಾರು 44 ಹೆಕ್ಟೇರ್, ಅಂದರೆ 109 ಎಕರೆಯಷ್ಟು. ಸಿಂಧನೂರಿನ ಎಡದಂಡೆ ಕಾಲುವೆಯ ಕೆಳಗೆ ಇದಕ್ಕಿಂತ ದೊಡ್ಡ ಗದ್ದೆಬಯಲುಗಳು ಎಷ್ಟೋ ಇವೆ. 1929ರ ಲ್ಯಾಟರನ್ ಒಪ್ಪಂದದಿಂದ ಅದು ಸ್ವತಂತ್ರ ದೇಶವಾಯಿತು. ಸುತ್ತ ರೋಮ್ ನಗರ. ಜನ ಬಂದಿಳಿಯುವ ವಿಮಾನ ನಿಲ್ದಾಣ ಅಲ್ಲಿಲ್ಲ, ಸಮುದ್ರವೂ ಇಲ್ಲ.

ಹಾಗಾಗಿ ವ್ಯಾಟಿಕನ್‌ಗೆ ಹೋಗುವುದೆಂದರೆ ಕಾನೂನಿನ ಲೆಕ್ಕದಲ್ಲಿ ಇಟಲಿಗೆ ಹೋಗುವುದು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇಟಲಿಗೆ ವೀಸಾ ಬೇಕು. ಇಟಲಿ ಕೊಡುವುದು ಷೆಂಗೆನ್ ವೀಸಾ. 29 ದೇಶಗಳು ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕಿ, ಹೊರಗಿನವರಿಗೆ ಒಂದೇ ಬಾಗಿಲು ಇಟ್ಟುಕೊಂಡಿವೆ. ಆ ಬಾಗಿಲ ಚೀಟಿಯೇ ಈ ವೀಸಾ. ಅದು ಕೈಗೆ ಬಂದಮೇಲೆ ವ್ಯಾಟಿಕನ್‌ಗೆಂದು ಬೇರೆ ಏನೂ ಮಾಡಬೇಕಿಲ್ಲ.

ಪಾಸ್‌ಪೋರ್ಟಿಗೂ ಮೊದಲು ಹೆಸರು

ಸಿಂಧನೂರು, ಲಿಂಗಸುಗೂರು, ಮಸ್ಕಿ, ನಮ್ಮ ಈ ಮೂರೂ ತಾಲ್ಲೂಕಿನವರಿಗೆ ಹತ್ತಿರವಾಗುವುದು ರಾಯಚೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ. ವಯಸ್ಕರಿಗೆ 36 ಪುಟದ ಸಾಮಾನ್ಯ ಪಾಸ್‌ಪೋರ್ಟಿನ ಶುಲ್ಕ 1500 ರೂಪಾಯಿ. ತತ್ಕಾಲ್ ಬೇಕೆಂದರೆ ಮೇಲೆ 2000. ಅರವತ್ತು ದಾಟಿದವರ ಹೊಸ ಅರ್ಜಿಗೆ ಶೇಕಡಾ 10 ರಿಯಾಯಿತಿ ಇದೆ. ಹಣ ಕಟ್ಟಿ, ದಿನಾಂಕ ತೆಗೆದುಕೊಂಡು, ಮೂಲ ದಾಖಲೆಗಳೊಂದಿಗೆ ಹೋಗಿ ಬಂದರೆ ಆಮೇಲೆ ನಿಮ್ಮ ಠಾಣೆಯಿಂದ ಪೊಲೀಸ್ ವಿಚಾರಣೆ. ಈ ದಾರಿ ಕಷ್ಟವಲ್ಲ. ಕಷ್ಟ ಇರುವುದು ಹೆಸರಿನಲ್ಲಿ.

ಬಸವರಾಜ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಆಧಾರ್‌ನಲ್ಲಿ ಇಂಗ್ಲಿಷಿನ ವಿ ಹಾಕಿ ಬರೆದಿದ್ದಾರೆ, ಮಾರ್ಕ್ಸ್ ಕಾರ್ಡಿನಲ್ಲಿ ಡಬ್ಲ್ಯೂ, ಬ್ಯಾಂಕಿನ ಪುಸ್ತಕದಲ್ಲಿ ಕೊನೆಗೊಂದು ಎ ಹೆಚ್ಚು. ಪಹಣಿಯಲ್ಲಿ "ತಂದೆ" ಎಂಬ ಪದ ನಡುವೆ ಸೇರಿ ಅಪ್ಪನ ಹೆಸರೂ ಉದ್ದಕ್ಕೆ ಬಂದಿದೆ. ಮನೆತನದ ಹೆಸರು ಒಂದರಲ್ಲಿದೆ, ಮತ್ತೊಂದರಲ್ಲಿ ಊರಿನ ಹೆಸರಿದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಊರಲ್ಲಿ ಎಲ್ಲರಿಗೂ ಗೊತ್ತು, ಇವರೆಲ್ಲ ಒಬ್ಬರೇ. ವೀಸಾ ಅಧಿಕಾರಿಗೆ ಇವರು ನಾಲ್ಕು ಜನ.

ಈ ವಿಷಯದಲ್ಲಿ ಮಸ್ಕಿಯವರಾದರೂ ನಮಗೆ ದಾರಿ ತೋರಿಸಬೇಕು. ಬೇರೆ ಊರುಗಳ ಬಂಡೆಗಳ ಮೇಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಸಿಗುತ್ತಿದ್ದಾಗ, ಆ ರಾಜ ಯಾರೆಂಬ ಪ್ರಶ್ನೆಗೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಶಾಸನ ಕಂಡಾಗ. ಅದರಲ್ಲಿ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರೂ ಇತ್ತು. ಎರಡೂ ಹೆಸರು ಒಂದೇ ದಾಖಲೆಯಲ್ಲಿ ಬಂದದ್ದರಿಂದ ಮನುಷ್ಯ ಯಾರೆಂದು ತೀರ್ಮಾನವಾಯಿತು. ನಿಮಗೆ ಬೇಕಿರುವುದೂ ಅಂಥದೇ ಕಾಗದ.

ಮಾಡಬೇಕಾದ್ದು ಇಷ್ಟು. ಮೊದಲು ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಮೂರನ್ನೂ ಒಂದೇ ಸ್ಪೆಲ್ಲಿಂಗಿಗೆ ತನ್ನಿ. ಓದಿದವರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಸ್ಪೆಲ್ಲಿಂಗನ್ನೇ ಆಧಾರವಾಗಿಟ್ಟುಕೊಳ್ಳುವುದು ಮೇಲು, ಯಾಕೆಂದರೆ ತಿದ್ದಲು ಬಲು ತ್ರಾಸವಾಗುವುದು ಅದೇ. ಪಹಣಿಯಂಥ ಬೇಗ ತಿದ್ದಲಾಗದ ದಾಖಲೆಗೆ, ಇಬ್ಬರೂ ಒಬ್ಬನೇ ಎಂದು ಹೇಳುವ ನೋಟರಿ ಅಫಿಡವಿಟ್ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಸರ್‌ನೇಮ್ ಜಾಗವನ್ನು ಖಾಲಿ ಬಿಡಬೇಡಿ. ಮನೆತನದ ಹೆಸರು ಇಲ್ಲದಿದ್ದರೆ ಅಪ್ಪನ ಹೆಸರನ್ನು ಹಾಕುವ ಬಗ್ಗೆ ಮೊದಲೇ ತೀರ್ಮಾನಿಸಿ, ಎಲ್ಲ ಕಡೆ ಅದನ್ನೇ ನಡೆಸಿ. ಒಂಟಿ ಹೆಸರಿನ ಪಾಸ್‌ಪೋರ್ಟಿನಿಂದ ಮುಂದೆ ದುಬೈ ದಾರಿಯಲ್ಲೂ ತೊಂದರೆ ಆಗುತ್ತದೆ.

ಹುಟ್ಟಿದ ದಿನದ ಕಥೆ ಬೇರೆ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿಗೆ ಬರೆದ ಜೂನ್ 1 ನಮ್ಮಲ್ಲಿ ಅರ್ಧ ಊರಿನ ಜನ್ಮದಿನ. ಅದು ತಪ್ಪಿದ್ದರೂ ಪರವಾಗಿಲ್ಲ, ಎಲ್ಲ ದಾಖಲೆಯಲ್ಲೂ ಅದೇ ತಪ್ಪು ಇರಲಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಮಾತ್ರ ಜನನ ಪ್ರಮಾಣಪತ್ರವೇ ಬೇಕು, ಬೇರೆ ದಾಖಲೆ ನಡೆಯುವುದಿಲ್ಲ. ಅದಕ್ಕೆ ಹಿಂದೆ ಹುಟ್ಟಿದವರಿಗೆ ಶಾಲೆಯ ಟಿಸಿ, ಪ್ಯಾನ್, ಡ್ರೈವಿಂಗ್ ಲೈಸೆನ್ಸ್‌ನಂಥವೂ ನಡೆಯುತ್ತವೆ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್, ಅಂದರೆ ವಲಸೆಗೆ ಅನುಮತಿ ಬೇಕು, ಎಂದು ಬರಬಹುದು. ಕೆಲಸಕ್ಕೆಂದು ಕೆಲವು ದೇಶಗಳಿಗೆ, ಹೆಚ್ಚಾಗಿ ಗಲ್ಫ್ ಕಡೆಗೆ, ಹೋಗುವವರಿಗೆ ಇರುವ ನಿಯಮ ಅದು. ಇಟಲಿ ಆ ಪಟ್ಟಿಯಲ್ಲಿಲ್ಲ, ನೀವು ಕೆಲಸಕ್ಕೂ ಹೋಗುತ್ತಿಲ್ಲ. ಐವತ್ತು ದಾಟಿದವರಿಗೆ ಆ ಮುದ್ರೆಯೇ ಬರುವುದಿಲ್ಲ. ಇನ್ನೊಂದು ಮಾತು ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಬಂಗಾಳಿ ಕುಟುಂಬಗಳಿಗೆ: ಪಾಸ್‌ಪೋರ್ಟ್ ಸಿಗುವುದು ಪೌರತ್ವ ಇರುವವರಿಗೆ. ಹಿರಿಯರ ಪೌರತ್ವದ ಕಾಗದ ಇನ್ನೂ ಕೈಗೆ ಬಂದಿಲ್ಲವಾದರೆ ಮೊದಲು ಅದನ್ನು ಮುಗಿಸಿಕೊಳ್ಳಿ.

ಇಟಲಿ ವೀಸಾ, ಹೆಜ್ಜೆ ಹೆಜ್ಜೆಯಾಗಿ

1. ಪಾಸ್‌ಪೋರ್ಟ್ ನೋಡಿಕೊಳ್ಳಿ. ನೀವು ಯುರೋಪಿನಿಂದ ಹೊರಡುವ ದಿನದಿಂದ ಮುಂದಕ್ಕೆ ಕನಿಷ್ಠ 3 ತಿಂಗಳ ಅವಧಿ ಇರಬೇಕು, 2 ಖಾಲಿ ಪುಟ ಇರಬೇಕು, ಕೊಟ್ಟು 10 ವರ್ಷದೊಳಗಿನದ್ದಾಗಿರಬೇಕು.

2. ದಿನ ಲೆಕ್ಕ ಹಾಕಿ. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ 15 ದಿನ ಮುಂಚಿನವರೆಗೆ ಅರ್ಜಿ ಕೊಡಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಅನುಮಾನ ಬಂದರೆ 45 ದಿನದವರೆಗೂ ಎಳೆಯುತ್ತಾರೆ. ಈಸ್ಟರ್ ಹಬ್ಬಕ್ಕೋ ಬೇಸಿಗೆ ರಜೆಗೋ ಹೊರಟವರು ಮೂರು ತಿಂಗಳು ಮುಂಚೆಯೇ ಕೊಡಿ. ಅರ್ಜಿ ಕೇಂದ್ರದ ದಿನಾಂಕ ಸಿಗುವುದೇ ಆಗ ಕಷ್ಟ.

3. ಯಾವ ದೇಶಕ್ಕೆ ಅರ್ಜಿ ಎಂದು ಖಚಿತ ಮಾಡಿಕೊಳ್ಳಿ. ರೋಮ್ ಮಾತ್ರ ನೋಡುವವರಿಗೆ ಇಟಲಿ. ಲೂರ್ದು, ಫಾತಿಮಾ ಎಂದು ಫ್ರಾನ್ಸ್, ಪೋರ್ಚುಗಲ್ಲನ್ನೂ ಸೇರಿಸಿಕೊಂಡವರು ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಕೊಡಬೇಕು. ದಿನಗಳು ಸಮಸಮವಾದರೆ ಮೊದಲು ಕಾಲಿಡುವ ದೇಶಕ್ಕೆ.

4. ಕಾಗದ ಜೋಡಿಸಿ. ಭರ್ತಿ ಮಾಡಿ ಸಹಿ ಹಾಕಿದ ಅರ್ಜಿ, ಫೋಟೊ, ಹೋಗಿ ಬರುವ ವಿಮಾನದ ಬುಕಿಂಗ್, ತಂಗುವ ಜಾಗದ ಬುಕಿಂಗ್, ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ, ಹಣದ ಪುರಾವೆ, ಊರಿಗೆ ವಾಪಸ್ ಬರುತ್ತೀರಿ ಎಂದು ತೋರಿಸುವ ದಾಖಲೆ. ವಿಮೆ ಇಡೀ ಷೆಂಗೆನ್ ಪ್ರದೇಶಕ್ಕೆ, ಇರುವ ಎಲ್ಲ ದಿನಗಳಿಗೆ ಅನ್ವಯಿಸಬೇಕು. ಯಾತ್ರೆಯ ತಂಡವಾದರೆ ಚರ್ಚಿನ ಫಾದರ್ ಕೊಡುವ ಪತ್ರ ಒಳ್ಳೆಯದು. ರಾಯಚೂರು ಜಿಲ್ಲೆ ಬರುವುದು ಬಳ್ಳಾರಿ ಧರ್ಮಪ್ರಾಂತ್ಯಕ್ಕೆ, ಅಲ್ಲಿಯ ಲೆಟರ್‌ಹೆಡ್ಡಿನಲ್ಲಿ ತಂಡದ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು.

5. ಕನ್ನಡದ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ. ತೆಲುಗರ ಕ್ಯಾಂಪುಗಳಲ್ಲಿ ತೆಲುಗಿನ ಹಳೆಯ ಕಾಗದ ಇಟ್ಟುಕೊಂಡವರಿಗೂ ಇದೇ ಮಾತು.

6. ಬೆಂಗಳೂರಿಗೆ ಹೋಗಿ. ಇಟಲಿಯ ಕಾನ್ಸುಲೇಟ್ ಬೆಂಗಳೂರಿನಲ್ಲಿದೆ, ಅರ್ಜಿಗಳನ್ನು ಅದರ ಪರವಾಗಿ ವಿಎಫ್‌ಎಸ್ ಗ್ಲೋಬಲ್ ಕೇಂದ್ರ ತೆಗೆದುಕೊಳ್ಳುತ್ತದೆ. ಈ ಕೇಂದ್ರ ಕಾಗದ ಸ್ವೀಕರಿಸುತ್ತದೆ, ಅಷ್ಟೇ. ಕೊಡುವುದೋ ಬಿಡುವುದೋ ಕಾನ್ಸುಲೇಟಿನ ಕೈಯಲ್ಲಿ. ಸಿಂಧನೂರಿಗೆ ರೈಲು ಬಂದಮೇಲೆ ರಾತ್ರಿ ಹತ್ತಿ ಬೆಳಿಗ್ಗೆ ಇಳಿಯುವುದು ಹಗುರವಾಗಿದೆ. ಆದರೂ ಬೆಳಗಿನ ಮೊದಲ ಸ್ಲಾಟ್ ತೆಗೆದುಕೊಳ್ಳಬೇಡಿ, ಗಾಡಿ ತಡವಾದರೆ ದಿನ ಹೋಯಿತು.

7. ಶುಲ್ಕ. 2024ರ ಜೂನ್ 11ರಿಂದ ವಯಸ್ಕರಿಗೆ 90 ಯೂರೋ, 6 ತುಂಬಿ 12 ಆಗದ ಮಕ್ಕಳಿಗೆ 45, ಅದಕ್ಕಿಂತ ಸಣ್ಣವರಿಗೆ ಇಲ್ಲ. ಕೇಂದ್ರದ ಸೇವಾಶುಲ್ಕ ಬೇರೆ. ವೀಸಾ ತಿರಸ್ಕಾರವಾದರೆ ದುಡ್ಡು ವಾಪಸ್ ಬರುವುದಿಲ್ಲ.

ಹೊಲದ ದುಡ್ಡನ್ನು ತೋರಿಸುವ ಬಗೆ

ನಮ್ಮ ಕಡೆಯ ಅರ್ಜಿಗಳು ಸೋಲುವುದು ಇಲ್ಲಿ ಎಂದು ನನ್ನ ಅನುಭವ. ನೌಕರಿಯವರ ಕಥೆ ಸರಳ: ಸಂಬಳದ ಚೀಟಿ, ರಜೆ ಮಂಜೂರಾದ ಪತ್ರ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮುಗಿಯಿತು. ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ಲಿಂಗಸುಗೂರಿನವರಿಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ಇಪ್ಪತ್ತು ಎಕರೆ ನೀರಾವರಿ ಇದ್ದು, ಊರಲ್ಲಿ ಗೌಡರೆನಿಸಿಕೊಂಡವರ ಪಾಸ್‌ಬುಕ್ಕಿನಲ್ಲಿ ಮಾತ್ರ ಎಂಟು ತಿಂಗಳು ಏನೂ ಇರುವುದಿಲ್ಲ. ಆಮೇಲೆ ಒಂದು ದಿನ ದಲಾಲಿ ಅಂಗಡಿಯಿಂದ ಒಟ್ಟಿಗೆ ನಾಲ್ಕೈದು ಲಕ್ಷ ಬರುತ್ತದೆ, ವಾರದೊಳಗೆ ಗೊಬ್ಬರದ ಅಂಗಡಿಗೆ, ಸೊಸೈಟಿಗೆ, ಮದುವೆಗೆ ಹೋಗಿಬಿಡುತ್ತದೆ. ಇಟಲಿಯ ಅಧಿಕಾರಿಗೆ ಈ ಪುಸ್ತಕ ನೋಡಿದರೆ ಏನನ್ನಿಸುತ್ತದೆ? ಯಾರಿಂದಲೋ ಸಾಲ ತಂದು ವೀಸಾಕ್ಕೆಂದೇ ತುಂಬಿದ ದುಡ್ಡು ಎಂದು.

ಅಲ್ಲಿಯ ಅಧಿಕಾರಿಗೆ ನಮ್ಮ ಎರಡು ಬೆಳೆಯ ಲೆಕ್ಕ ಗೊತ್ತಿರಬೇಕಾಗಿಲ್ಲ. ನಾವೇ ಹೇಳಬೇಕು. ಅರ್ಜಿಯ ಜೊತೆ ಒಂದು ಪುಟದ ಪತ್ರ ಇಡಿ. ಇಷ್ಟು ಎಕರೆ ಭತ್ತ, ಮುಂಗಾರು ಬೆಳೆ ಮಾರಾಟ ವರ್ಷದ ಕೊನೆಗೆ, ಬೇಸಿಗೆ ಬೆಳೆಯದ್ದು ಮಳೆಗಾಲಕ್ಕೆ ಮುಂಚೆ, ಹಣ ಬರುವುದು ಆ ಎರಡು ಹೊತ್ತಿನಲ್ಲಿ ಎಂದು ನೇರವಾಗಿ ಬರೆಯಿರಿ. ಪಹಣಿ, ಎಪಿಎಂಸಿಯಲ್ಲಿ ಮಾರಿದ ಪಟ್ಟಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಜೊತೆಗಿರಲಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ಐಟಿ ರಿಟರ್ನ್ ಇಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ. ನನ್ನನ್ನು ಕೇಳಿದರೆ, ಯಾತ್ರೆಯ ಆಲೋಚನೆ ಬಂದ ವರ್ಷವೇ ಒಂದು ಖಾತೆಯಲ್ಲಿ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಉಳಿಸುತ್ತ ಹೋಗುವುದು, ಒಂದು ಫಿಕ್ಸೆಡ್ ಡೆಪಾಸಿಟ್ ಇಡುವುದು ಎಲ್ಲಕ್ಕಿಂತ ಒಳ್ಳೆಯದು. ಮಗ ಖರ್ಚು ಹಾಕುತ್ತಿದ್ದರೆ ಮಗನ ಪತ್ರ, ಅವನ ಸ್ಟೇಟ್‌ಮೆಂಟ್, ಸಂಬಂಧ ತೋರಿಸುವ ದಾಖಲೆ.

ಹೊಲ, ಮನೆ, ಎತ್ತು, ಊರಲ್ಲಿ ಬಿಟ್ಟುಹೋಗುವ ಹೆಂಡತಿ ಮಕ್ಕಳು, ಇವೆಲ್ಲ ನೀವು ವಾಪಸ್ ಬರುತ್ತೀರಿ ಎಂಬುದಕ್ಕೆ ಸಾಕ್ಷಿಗಳು. ಅನುವಾದಿಸಿದ ಪಹಣಿಯನ್ನು ದುಡ್ಡಿನ ಪುರಾವೆಯೆಂದು ಮಾತ್ರ ನೋಡಬೇಡಿ.

ಸವೆದ ಬೆರಳು

ಬಯೋಮೆಟ್ರಿಕ್ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳನ್ನು ನೋಡಿದ್ದು ನೆನಪಿದೆ. ನಲವತ್ತು ವರ್ಷ ನಾಟಿ ಮಾಡಿದ, ಹತ್ತಿ ಬಿಡಿಸಿದ ಕೈ. ಗಾಜಿನ ಮೇಲೆ ನಾಲ್ಕು ಬೆರಳಿಟ್ಟರೆ ಪರದೆಯ ಮೇಲೆ ಕೆಂಪು ಗುರುತು. ಒರೆಸಿ ಮತ್ತೆ ಇಟ್ಟರು, ಮತ್ತೆ ಕೆಂಪು. "ರೇಷನ್ ಅಂಗಡ್ಯಾಗೂ ಹಿಂಗ ಮಾಡ್ತೈತ್ರೀ ಇದು" ಎಂದು ನಕ್ಕರು, ಆದರೆ ಕೈ ನಡುಗುತ್ತಿತ್ತು. ಐದನೇ ಸಲಕ್ಕೆ ಬೆರಳಚ್ಚು ಬಿತ್ತು.

ಷೆಂಗೆನ್ ವೀಸಾಕ್ಕೆ ಹತ್ತೂ ಬೆರಳಿನ ಗುರುತು ಬೇಕು. 12 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಒಮ್ಮೆ ಕೊಟ್ಟರೆ 59 ತಿಂಗಳೊಳಗಿನ ಮುಂದಿನ ಅರ್ಜಿಗೆ ಅದನ್ನೇ ಬಳಸಬಹುದು. ಹೊಲದ ಕೆಲಸದವರು, ಪಾತ್ರೆ ತಿಕ್ಕುವವರು, ಗಾರೆ ಕೆಲಸದವರು ಹೋಗುವ ಹದಿನೈದು ದಿನ ಮುಂಚಿನಿಂದ ರಾತ್ರಿ ಮಲಗುವಾಗ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಆ ವಾರ ಮೆಣಸಿನಕಾಯಿ ಬಿಡಿಸುವುದು, ಸುಣ್ಣ ಸಿಮೆಂಟು ಮುಟ್ಟುವುದು ಬೇಡ. ಮೆಹಂದಿಯೂ ಬೇಡ. ಕೋಣೆಗೆ ಹೋಗುವ ಮುನ್ನ ಎಣ್ಣೆ ಮಾತ್ರ ಪೂರ್ತಿ ತೊಳೆದಿರಲಿ.

ಅದೇ ಕೈಯನ್ನು ರೋಮಿನಲ್ಲೂ ಕೇಳುತ್ತಾರೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಹಂತಹಂತವಾಗಿ ಹೊಸ ವ್ಯವಸ್ಥೆ ಬಂದಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಹೊರಗಿನವರ ಮುಖದ ಚಿತ್ರ, ಬೆರಳಚ್ಚು ಹಿಡಿದು ಒಳಬಂದ ದಿನ, ಹೊರಹೋದ ದಿನವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಮುದ್ರೆ ಇರುವುದಿಲ್ಲವಾದ್ದರಿಂದ, ಸಾಕ್ಷಿಗೆ ಬೋರ್ಡಿಂಗ್ ಪಾಸನ್ನು ಬಿಸಾಡದೆ ಊರಿಗೆ ತನ್ನಿ.

ಮಗಳು ಡಬ್ಲಿನ್ನಿನಲ್ಲಿದ್ದರೆ

ನಮ್ಮ ಕಡೆಯಿಂದ ನರ್ಸಿಂಗ್ ಓದಿ, ಎಂಜಿನಿಯರಿಂಗ್ ಓದಿ ಐರ್ಲೆಂಡಿಗೆ ಹೋದ ಮಕ್ಕಳು ಇದ್ದಾರೆ. ಇಂಥ ಮನೆಗಳಲ್ಲಿ ಒಂದು ಲೆಕ್ಕ ಸದಾ ನಡೆಯುತ್ತದೆ: ಮಗಳ ಹತ್ತಿರ ಹೋಗೋಣ, ಅಲ್ಲಿಂದ ಎಲ್ಲರೂ ಸೇರಿ ರೋಮಿಗೆ. ಐರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿದೆ, ಯೂರೋ ನಡೆಯುತ್ತದೆ, ಹಾಗಾದರೆ ವೀಸಾ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಐರ್ಲೆಂಡ್ ಷೆಂಗೆನ್ ಕೂಟಕ್ಕೆ ಸೇರಿಲ್ಲ.

ಒಂದೇ ಮನೆಯ ನಾಲ್ಕು ಜನರಿಗೆ ಮೂರು ನಿಯಮ ಹೇಗಾಗುತ್ತದೆ ನೋಡಿ. ಅಳಿಯ ಐರಿಷ್ ಪೌರತ್ವ ತೆಗೆದುಕೊಂಡಿದ್ದರೆ ಅವನಿಗೆ ಇಟಲಿಗೂ ವ್ಯಾಟಿಕನ್‌ಗೂ ವೀಸಾ ಬೇಡ. ಪಾಸ್‌ಪೋರ್ಟ್ ಸಾಕು, ಜೇಬಿನಲ್ಲಿ ಹಿಡಿಯುವ ಐರಿಷ್ ಪಾಸ್‌ಪೋರ್ಟ್ ಕಾರ್ಡ್ ಇದ್ದರೂ ಸಾಕು. ಆ ಬೆರಳಚ್ಚಿನ ಹೊಸ ವ್ಯವಸ್ಥೆಯೂ ಅವನಿಗೆ ಅನ್ವಯಿಸುವುದಿಲ್ಲ. ಮಗಳು ಇನ್ನೂ ಭಾರತದ ಪಾಸ್‌ಪೋರ್ಟಿನಲ್ಲಿದ್ದು ಐರಿಷ್ ರೆಸಿಡೆನ್ಸ್ ಪರ್ಮಿಟ್ ಇಟ್ಟುಕೊಂಡಿದ್ದರೆ, ಆ ಕಾರ್ಡು ರೋಮಿನಲ್ಲಿ ನಡೆಯುವುದಿಲ್ಲ. ಅವಳು ಡಬ್ಲಿನ್ನಿನಲ್ಲೇ ಇಟಲಿಯ ವೀಸಾಕ್ಕೆ ಹಾಕಬೇಕು. ಗಂಡ ಐರಿಷ್ ಪ್ರಜೆ, ಜೊತೆಗೇ ಹೋಗುತ್ತಿದ್ದಾರೆ ಎಂದರೆ ಮದುವೆ ನೋಂದಣಿಯ ಪತ್ರ ತೋರಿಸಿ ಶುಲ್ಕವಿಲ್ಲದೆ ಪಡೆಯಬಹುದು. ವಾಪಸ್ ಬರುವ ದಿನಕ್ಕೆ ಪರ್ಮಿಟ್ಟಿನ ಅವಧಿ ಮುಗಿದಿರಬಾರದು.

ಸಿಂಧನೂರಿನಿಂದ ಹೊರಟ ಅಪ್ಪ ಅವ್ವನಿಗೆ ಎರಡು ವೀಸಾ ಬೇಕು. ಐರ್ಲೆಂಡಿಗೆ ಬೇರೆ, ಇಟಲಿಗೆ ಬೇರೆ. ಐರ್ಲೆಂಡಿನ ವೀಸಾ ಒಂದು ಪ್ರವೇಶಕ್ಕೆ 60 ಯೂರೋ, ಹಲವು ಪ್ರವೇಶಕ್ಕೆ 100. ಇಲ್ಲಿ ನಲವತ್ತು ಯೂರೋ ಉಳಿಸಲು ಹೋಗಬೇಡಿ. ಒಂದೇ ಪ್ರವೇಶದ್ದಾದರೆ ರೋಮಿಗೆ ಹಾರಿದ ಕೂಡಲೇ ಅದು ಮುಗಿಯಿತು. ಬ್ಯಾಗು, ಔಷಧಿ, ಮೊಮ್ಮಗು ಎಲ್ಲ ಡಬ್ಲಿನ್ನಿನಲ್ಲಿ, ನೀವು ಮಾತ್ರ ಹೊರಗೆ. ಇಟಲಿಯ ವೀಸಾವನ್ನೂ ಬೆಂಗಳೂರಿನಲ್ಲೇ ಮುಗಿಸಿಕೊಂಡು ಹೊರಡಿ. ನೀವು ವಾಸವಿರುವ ದೇಶದಲ್ಲಿ ಅರ್ಜಿ ಕೊಡಬೇಕೆಂಬುದು ನಿಯಮ, ಡಬ್ಲಿನ್ನಿನಲ್ಲಿ ನೀವು ನೆಂಟರು.

ಮತ್ತೆ ಮತ್ತೆ ಆಗುವ ತಪ್ಪುಗಳು

ವಿಮಾನದ ಪೂರ್ತಿ ದುಡ್ಡು ಕಟ್ಟಿ ಆಮೇಲೆ ವೀಸಾಕ್ಕೆ ಓಡುವುದು ಮೊದಲನೆಯದು. ಅರ್ಜಿಗೆ ಬುಕಿಂಗ್ ಸಾಕು. ಇದರ ಇನ್ನೊಂದು ತುದಿಯೂ ಅಪಾಯವೇ: ವೀಸಾ ಸಿಕ್ಕ ಮರುದಿನವೇ ಹೋಟೆಲ್ ರದ್ದು ಮಾಡಿ, ಗಡಿಯಲ್ಲಿ ಎಲ್ಲಿ ತಂಗುತ್ತೀರಿ ಎಂದರೆ ತಡವರಿಸುವುದು. ವೀಸಾ ಇದ್ದರೂ ಒಳಬಿಡದೆ ತಿರುಗಿ ಕಳಿಸುವ ಅಧಿಕಾರ ಗಡಿಯಲ್ಲಿರುವವರಿಗೆ ಇದೆ.

ಏಜೆಂಟರ ಮಾತು ನಂಬುವುದು ಎರಡನೆಯದು. "ಗ್ಯಾರಂಟಿ ವೀಸಾ" ಎಂದವರ ಕಡೆ ಹೋಗಲೇಬೇಡಿ, ಅಂಥ ವಸ್ತು ಯಾರ ಹತ್ತಿರವೂ ಇಲ್ಲ. ನನಗೆ ಗೊತ್ತಿರುವ ಒಬ್ಬರ ಅರ್ಜಿಯಲ್ಲಿ ಏಜೆಂಟನೊಬ್ಬ ಅವರಿಗೆ ತಿಳಿಯದಂತೆ ಬೇರೆಯದೇ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟಿದ್ದ. ಸಿಕ್ಕಿಬಿದ್ದದ್ದು ಸಹಿ ಮಾಡಿದವರು. ಅಪ್ಪಿತಪ್ಪಿಯೂ ಖಾಲಿ ಅರ್ಜಿಗೆ ಸಹಿ ಹಾಕಬೇಡಿ, ಕೊಡುವ ಮುನ್ನ ಇಡೀ ಫೈಲನ್ನು ಝೆರಾಕ್ಸ್ ಮಾಡಿಸಿ ಮನೆಯಲ್ಲಿಡಿ. ಪಾಸ್‌ಪೋರ್ಟ್ ಇಲಾಖೆಯ ಹೆಸರಿಗೆ ಹತ್ತಿರವಾದ ನಕಲಿ ತಾಣಗಳೂ ಇವೆ. ಸರಿಯಾದದ್ದು ಪಾಸ್‌ಪೋರ್ಟ್ ಇಂಡಿಯಾ ಡಾಟ್ ಗವ್ ಡಾಟ್ ಇನ್.

ವಿಮಾನ ಎಲ್ಲಿ ಇಳಿಸುತ್ತದೆ ಎಂದು ನೋಡದಿರುವುದು ಮೂರನೆಯದು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ರೋಮಿಗೆ ಹೋದರೆ ನಿಮ್ಮ ಷೆಂಗೆನ್ ತಪಾಸಣೆ ಫ್ರಾಂಕ್‌ಫರ್ಟಿನಲ್ಲೇ ಆಗುತ್ತದೆ. ಕಾಗದದ ಫೈಲು ಚೆಕ್‌ಇನ್ ಬ್ಯಾಗಿನಲ್ಲಿ ಇದ್ದರೆ ಗತಿ ಏನು? ಎಲ್ಲವೂ ಕೈಚೀಲದಲ್ಲಿರಲಿ. ಲಂಡನ್ ಮೂಲಕ ಅಗ್ಗದ ಟಿಕೆಟ್ ಕಂಡರೆ ಬ್ರಿಟನ್ನಿನ ಟ್ರಾನ್ಸಿಟ್ ನಿಯಮ ನೋಡದೆ ಕೊಳ್ಳಬೇಡಿ.

ಮೊದಲು ಎಲ್ಲಾದರೂ ವೀಸಾ ತಿರಸ್ಕಾರವಾಗಿದ್ದರೆ ಮುಚ್ಚಿಡಬೇಡಿ. ತಿರಸ್ಕಾರದ ಕಾಗದದಲ್ಲಿ ಕಾರಣದ ಮುಂದೆ ಗುರುತು ಹಾಕಿರುತ್ತಾರೆ. ಆ ಕಾರಣವನ್ನು ಸರಿಪಡಿಸಿ ಮತ್ತೆ ಹಾಕಿದರೆ ಸಿಕ್ಕ ಉದಾಹರಣೆಗಳಿವೆ. ಅದೇ ಫೈಲನ್ನು ಮರುವಾರ ಮತ್ತೆ ಕೊಟ್ಟರೆ ಇನ್ನೊಂದು ಒಂಬತ್ತು ಸಾವಿರ ಚಿಲ್ಲರೆ ಹೋಗುತ್ತದೆ.

ಬೇರೆ ಪುಟ್ಟ ದೇಶಗಳ ಮಾತು

ಸಾನ್ ಮರಿನೋಗೂ ಇಟಲಿಯೇ ಬಾಗಿಲು, ಮೊನಾಕೊಗೆ ಫ್ರಾನ್ಸ್. ಲಿಕ್ಟೆನ್‌ಸ್ಟೈನ್ ತಾನೇ ಷೆಂಗೆನ್ ಸದಸ್ಯ. ಎಚ್ಚರ ಬೇಕಾದ್ದು ಅಂಡೋರಾ. ಫ್ರಾನ್ಸ್, ಸ್ಪೇನ್ ನಡುವಿನ ಆ ಗುಡ್ಡದ ದೇಶ ಷೆಂಗೆನ್‌ನಲ್ಲಿಲ್ಲ. ಅಲ್ಲಿಗೆ ಹೋದರೆ ಷೆಂಗೆನ್ ಬಿಟ್ಟು ಹೊರಗೆ ಹೋದ ಲೆಕ್ಕ, ವಾಪಸ್ ಬರಲು ಎರಡನೇ ಪ್ರವೇಶ ಬೇಕು. ಒಂದೇ ಪ್ರವೇಶದ ವೀಸಾ ಇದ್ದವರು ಆ ಕಡೆ ತಲೆ ಹಾಕಬೇಡಿ.

ಇಷ್ಟೆಲ್ಲ ಕಾಗದ ಬೇಡ, ಪುಟ್ಟ ದೇಶ ಒಂದನ್ನು ನೋಡಿದರೆ ಸಾಕು ಎನ್ನುವವರಿಗೆ ಮಾಲ್ಡೀವ್ಸ್ ಇದೆ: ಇಳಿದ ಮೇಲೆ ವೀಸಾ ಉಚಿತ, ವಾಪಸ್ ಟಿಕೆಟ್, ತಂಗುವ ಬುಕಿಂಗ್, 96 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಿದ ಪ್ರಯಾಣಿಕರ ಘೋಷಣೆ ಇದ್ದರೆ ಆಯಿತು. ಭೂತಾನಿಗೆ ಪಾಸ್‌ಪೋರ್ಟ್ ಕೂಡ ಬೇಡ, ವೋಟರ್ ಐಡಿ ನಡೆಯುತ್ತದೆ, ಆಧಾರ್ ನಡೆಯುವುದಿಲ್ಲ. ರಾತ್ರಿಗೆ ತಲಾ 1200 ರೂಪಾಯಿ ಅಭಿವೃದ್ಧಿ ಶುಲ್ಕ ಕಟ್ಟಬೇಕು.

ಚೌಕಕ್ಕೆ ಕಾಲಿಟ್ಟ ಮೇಲೆ

ಸಂತ ಪೇತ್ರರ ಚೌಕದ ಅಂಚಿನಲ್ಲಿ ನೆಲದ ಮೇಲೆ ಬಿಳಿ ಕಲ್ಲಿನ ಪಟ್ಟಿ ಇದೆ. ಅದೇ ಗಡಿ. ದಾಟುವಾಗ ಯಾರೂ ತಡೆಯುವುದಿಲ್ಲ, ಬಸಿಲಿಕಾ ಒಳಗೆ ಹೋಗುವ ಮುನ್ನ ಮಾತ್ರ ವಿಮಾನ ನಿಲ್ದಾಣದಂತೆ ಬ್ಯಾಗು ತಪಾಸಣೆ. ಬಸಿಲಿಕಾ ಪ್ರವೇಶಕ್ಕೆ ಹಣವಿಲ್ಲ. ಮ್ಯೂಸಿಯಂ ಟಿಕೆಟ್ 20 ಯೂರೋ, ಆನ್‌ಲೈನ್ ಬುಕಿಂಗಿಗೆ ಮೇಲೆ 5. ಭಾನುವಾರ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಮಾತ್ರ ಬೆಳಿಗ್ಗೆ ಉಚಿತ, ಸಾಲು ಮಾತ್ರ ಜಾತ್ರೆಯಷ್ಟು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಬೇಕು. ಸೀರೆ ಉಟ್ಟ ನಮ್ಮ ಹೆಂಗಸರಿಗೆ ಇದರ ಚಿಂತೆಯಿಲ್ಲ, ಬರ್ಮುಡಾ ಹಾಕಿದ ಮೊಮ್ಮಗನನ್ನು ಬಾಗಿಲಲ್ಲಿ ನಿಲ್ಲಿಸುತ್ತಾರೆ.

ಪೋಪ್ ದರ್ಶನ ಸಾಮಾನ್ಯವಾಗಿ ಬುಧವಾರ ಬೆಳಿಗ್ಗೆ, ಅದರ ಪಾಸು ಉಚಿತ. ದುಡ್ಡು ತೆಗೆದುಕೊಂಡು ಪಾಸು ಮಾರುವವರನ್ನು ನಂಬಬೇಡಿ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಕಿಟಕಿಯಿಂದ ಪ್ರಾರ್ಥನೆ ಹೇಳುವಾಗ ಚೌಕದಲ್ಲಿ ನಿಲ್ಲಲು ಪಾಸೂ ಬೇಡ. ಜನ ಸೇರುವಲ್ಲಿ ಜೇಬುಗಳ್ಳರು ಇರುತ್ತಾರೆ, ಪಾಸ್‌ಪೋರ್ಟನ್ನು ಒಳಜೇಬಿನಲ್ಲಿಡಿ, ಝೆರಾಕ್ಸ್ ಪ್ರತಿ ಜೊತೆಯವರ ಹತ್ತಿರ ಇರಲಿ. ಕಳೆದುಹೋದರೆ ಪೊಲೀಸರಲ್ಲಿ ದೂರು ಬರೆಸಿ, ರೋಮಿನಲ್ಲಿರುವ ಭಾರತದ ರಾಯಭಾರ ಕಚೇರಿಗೆ ಹೋದರೆ ವಾಪಸ್ ಬರಲು ತುರ್ತು ಪತ್ರ ಕೊಡುತ್ತಾರೆ.

ಮುದಗಲ್ಲಿನ ಆ ಅವ್ವ ಕೊನೆಗೂ ಹೋಗಿ ಬಂದರು. ಅವರಿಗಿದ್ದ ಒಂದೇ ಬೇಸರ, ಪಾಸ್‌ಪೋರ್ಟಿನಲ್ಲಿ ಆ ದೇಶದ ಮುದ್ರೆ ಇಲ್ಲವಲ್ಲ ಎಂಬುದು. ವ್ಯಾಟಿಕನ್ ಮುದ್ರೆ ಒತ್ತುವುದಿಲ್ಲ. ಆದರೆ ಅದಕ್ಕೆ ತನ್ನದೇ ಅಂಚೆ ಇದೆ, ಚೌಕದ ಪಕ್ಕದಲ್ಲೇ ಕಚೇರಿ. ಅಲ್ಲಿಯ ಅಂಚೆಚೀಟಿ ಅಂಟಿಸಿ, ಅಲ್ಲಿಯ ಡಬ್ಬಿಗೇ ಹಾಕಿದರೆ ಕಾರ್ಡಿನ ಮೇಲೆ ವ್ಯಾಟಿಕನ್ ಅಂಚೆ ಮುದ್ರೆ ಬೀಳುತ್ತದೆ. ಇಟಲಿಯ ಚೀಟಿ ಅಂಟಿಸಿ ಆ ಡಬ್ಬಿಗೆ ಹಾಕಿದರೆ ಹೋಗದು, ವ್ಯಾಟಿಕನ್ ಚೀಟಿಯ ಕಾರ್ಡನ್ನು ರೋಮಿನ ಬೀದಿಯ ಡಬ್ಬಿಗೆ ಹಾಕಿದರೂ ಹೋಗದು. ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಿಲ್ಲೆ, ರಾಜ್ಯ, ಕೊನೆಗೆ ದೊಡ್ಡದಾಗಿ ಇಂಡಿಯಾ ಎಂದು ಹಾಕಿ. ಪಿನ್ ಮರೆಯಬೇಡಿ: ಸಿಂಧನೂರು 584128, ಲಿಂಗಸುಗೂರು 584122, ಮಸ್ಕಿ 584124, ಮುದಗಲ್ 584125.